ಎಡಕ್ಕೆ ಸುಳಿದ ನೀರು

ಇಳಕಲ್ಲಿನ ನಮ್ಮ ಓಣಿಯಲ್ಲಿ ರೇಷ್ಮೆ ನೂಲಿಗೆ ಕೆಂಪು ಬಣ್ಣ ಹಾಕುವವರು ರತ್ನಾಬಾಯಿ ದೊಡ್ಡವ್ವ. ಮದುವೆ ಸೀರೆಯ ಸೆರಗಿಗೆ ಅವರ ಕೆಂಪೇ ಬೇಕೆಂದು ನೇಕಾರ ಶ್ರೀಧರಣ್ಣ ಹನ್ನೆರಡು ವರ್ಷ ನೂಲು ತಂದುಕೊಟ್ಟರು. ಗಂಡ ತೀರಿದ ಮೇಲೆ ದೊಡ್ಡವ್ವನ ಮನೆ ನಡೆದದ್ದು ಅದರಿಂದಲೇ.

ಬಣ್ಣ ಹಿಡಿದ ನೂಲನ್ನು ಅವರು ಒಬ್ಬರೇ ಕಲ್ಲಿನ ತೊಟ್ಟಿಯಲ್ಲಿ ತಮ್ಮ ಕಡೆಗೆ ಎಳೆದೆಳೆದು ಜಾಲಿಸುತ್ತಿದ್ದರು. ತಳದ ತೂತಿನ ಬೆಣೆ ಕಿತ್ತ ಮೇಲೆ, ನೂಲು ಒಣಹಾಕಲು ನನ್ನನ್ನು ಕರೆಯುವರು. ಆಗೆಲ್ಲ ನೀರು ಎಡಕ್ಕೇ ಸುಳಿದು ಇಳಿಯುತ್ತಿತ್ತು. ಭೂಮಿ ತಿರುಗುವುದರಿಂದ ನಮ್ಮ ಉತ್ತರ ಗೋಳಾರ್ಧದ ಚಂಡಮಾರುತಗಳು ಎಡಕ್ಕೆ ಸುತ್ತುತ್ತವೆ ಎಂದು ಮೊಬೈಲಿನಲ್ಲಿ ನೋಡಿದ್ದೆ. ಇದೂ ಅದೇ ಎಂದುಕೊಂಡೆ. ಒಂಬತ್ತನೇ ತರಗತಿಗೇ ಶಾಲೆ ಬಿಟ್ಟರೂ ನನಗೂ ತಿಳಿಯುತ್ತದೆ ಎಂದು ಯಾರಿಗಾದರೂ ತೋರಿಸಬೇಕಿತ್ತು.

ಶ್ರೀಧರಣ್ಣ ಬಂದ ದಿನ ತೋರಿಸಿದೆ.

“ಭೂಮಿ ತಿರುಗೂದು ಇಲ್ಲೇ ಕಾಣ್ತದ ನೋಡ್ರಿ.”

“ನಮ್ಮ ಓಣಿಗೂ ಬಂತೇನು ಭೂಮಿ?” ಎಂದು ನಕ್ಕರು.

“ಹುಡುಗಿ ಮಾತು ಏನ್ ಕೇಳ್ತೀರಿ, ಒಳಗ ಬರ್ರಿ, ಚಾ ಮಾಡ್ತೇನಿ,” ಎಂದರು ದೊಡ್ಡವ್ವ. ನಾನು ಬಿಡಲಿಲ್ಲ.

ಶ್ರೀಧರಣ್ಣ ತೊಟ್ಟಿಗೆ ಮತ್ತೆ ನೀರು ತುಂಬಿ, ತಾವೇ ನೂಲು ಜಾಲಿಸಿ ಬೆಣೆ ಕಿತ್ತರು. ನೀರು ಬಲಕ್ಕೆ ಸುಳಿಯಿತು.

“ಭೂಮಿ ಉಲ್ಟಾ ಆತಲ್ಲವಾ ಸಪ್ನಾ.” ಆಮೇಲೆ ತಮ್ಮ ಕೈ ನೋಡಿಕೊಂಡರು. “ಬಲಗೈಲೆ ಎಳದ್ರ ಹಿಂಗ. ನೀ ಯಾವ ಕೈಲೆ ಎಳೀತಿ, ರತ್ನಾಬಾಯಿ?”

ದೊಡ್ಡವ್ವ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು. “ಎಡಗೈಲೇರಿ. ಸಣ್ಣಾಕಿ ಇದ್ದಾಗಿಂದ ಅದೇ ರೂಢಿ.”

“ಮದಿವಿ ಸೀರಿ ಅವು. ಎಡಗೈಲೆ ಜಾಲ್ಸಿದ್ದು ಅಂತ ಬೀಗರಿಗೆ ಗೊತ್ತಾದ್ರ ಏನ್ ಹೇಳ್ಲಿ?”

ಹಸಿ ನೂಲನ್ನೇ ಎತ್ತಿಕೊಂಡು ಹೋದರು. ಆಮೇಲೆ ಮತ್ತೆ ನೂಲು ತರಲಿಲ್ಲ.

ನಂತರ ಸರಿಯಾಗಿ ಓದಿದೆ. ಚಂಡಮಾರುತ ನೂರಾರು ಮೈಲಿ ಹರಡಿರುತ್ತದೆ. ಅದರ ಗಾಳಿ ದಿನಗಟ್ಟಲೆ ಚಲಿಸುವಾಗ ಭೂಮಿಯ ತಿರುಗುವಿಕೆ ಅದನ್ನು ಬಾಗಿಸುತ್ತದೆ. ಎರಡು ನಿಮಿಷದಲ್ಲಿ ಬರಿದಾಗುವ ತೊಟ್ಟಿಯಲ್ಲಿ ಆ ಪರಿಣಾಮ ತೀರಾ ಕಡಿಮೆ. ಅಲ್ಲಿ ಕೈಯಿಂದ ಬಂದ ಸೆಳೆತವೇ ದೊಡ್ಡದು. ನಾನು ತಪ್ಪು ಹೇಳಿದ್ದೆ, ಆ ತಪ್ಪಿನಿಂದಲೇ ದೊಡ್ಡವ್ವ ಮುಚ್ಚಿಟ್ಟದ್ದು ಬಯಲಾಯಿತು.

ಧೈರ್ಯ ಮಾಡಿ ಶ್ರೀಧರಣ್ಣನ ಮನೆಗೆ ಹೋದೆ. “ಬಣ್ಣಕ್ಕ ಯಾವ ಕೈ ಆದ್ರೇನ್ರಿ?” ಎಂದು ಕೇಳಿದೆ.

“ಮನ್ನಿ ಭೂಮಿ ಅಂದಿ, ಇವತ್ತು ಕೈ ಅಂತಿ,” ಎಂದರು ಅವರು, ಮಗ್ಗದಿಂದ ಕಣ್ಣೆತ್ತದೆ.

ಅಲ್ಲಿಗೆ ಹೋಗಿದ್ದೆನೆಂದು ದೊಡ್ಡವ್ವನಿಗೆ ಇನ್ನೂ ಹೇಳಿಲ್ಲ.