ಕರುಣಾ ಕಟ್ಟಿದ ಜೀವನಾಂಶ

ಗಂಡನನ್ನು ಜಿಪುಣನೆಂದು ಕುಪ್ಪಗಡ್ಡೆಯ ಜನ ಆಡಿಕೊಂಡರೆ ಕರುಣಾಳಿಗೆ ಎಷ್ಟೋ ನೆಮ್ಮದಿ. ನಿಜ ಅದಲ್ಲವೆಂದು ಅವಳೊಬ್ಬಳಿಗೇ ಗೊತ್ತಿತ್ತು.

ಗಂಡ ರಾಜಕುಮಾರನ ಮೊದಲ ಹೆಂಡತಿ ಪ್ರಮೀಳಾ. ಇವನು ಬೇಡವೆಂದು ಬಿಟ್ಟು ಹೊರಟವಳು ಅವಳೇ. ತಿಂಗಳು ತಿಂಗಳು ಜೀವನಾಂಶ ಕೊಡುವುದಾಗಿ ಶಿಕಾರಿಪುರದ ಕೋರ್ಟಿನಲ್ಲಿ ಅವನು ರಾಜಿಪತ್ರಕ್ಕೆ ಸಹಿ ಹಾಕಿದ್ದ. ಕರುಣಾ ಅವನ ಕೈಹಿಡಿದದ್ದು ಅದಾದ ಮೇಲೆ. ಅವನು ಆಗಾಗ ಕಂತು ತಪ್ಪಿಸುವನು, ಪ್ರಮೀಳಾ ವಸೂಲಿಗೆ ಅರ್ಜಿ ಹಾಕುವಳು, ವಾಯಿದೆಯ ದಿನ ಹೋಗಿ ಒಂದಿಷ್ಟು ಕಟ್ಟಿ, ಉಳಿದದ್ದಕ್ಕೆ ಮತ್ತೊಂದು ವಾಯಿದೆ ಕೇಳಿ ಬರುವನು. ಕೊಟ್ಟುಬಿಟ್ಟರೆ ಪ್ರಮೀಳಾ ಕಾಣುವುದೇ ಇಲ್ಲ. ಕೊಡದಿದ್ದರೆ ಅವಳು ಕೋರ್ಟಿನಲ್ಲಿ ಎದುರು ಬಂದು ನಿಲ್ಲಲೇಬೇಕು.

ಈ ಸಲ ಶುಂಠಿ ಮಾರಿದ ದುಡ್ಡು ಬೀರುವಿನಲ್ಲೇ ಇತ್ತು. ಆದರೂ ಕಟ್ಟಲಿಲ್ಲ. ವಾಯಿದೆಯ ಬೆಳಿಗ್ಗೆ ನೀಲಿ ಅಂಗಿಗೆ ತಾನೇ ಇಸ್ತ್ರಿ ಹಾಕಿಕೊಂಡ. ಕರುಣಾಳ ತಂಗಿಯ ಮದುವೆಗೆ ತೋಟದಿಂದ ಉಟ್ಟಬಟ್ಟೆಯಲ್ಲೇ ಬಂದಿದ್ದವನು!

"ಎಂತ ಕರುಣಾ, ನಿನ್ ಗಂಡ ಹೊಂಟಿದ್ದು ಕೋರ್ಟಿಗೋ, ಹೆಣ್ ನೋಡಕ್ಕೋ?" ಪಕ್ಕದ ಮನೆಯ ಗುತ್ಯಮ್ಮ ಬೇಲಿಯಾಚೆಯಿಂದ ನಕ್ಕಳು.

ಕರುಣಾ ನಗಲಿಲ್ಲ. ಡೇರಿಗೆ ಹಾಲು ಹಾಕಿ ಕೂಡಿಸಿದ ದುಡ್ಡನ್ನೆಲ್ಲ ಚೀಲಕ್ಕೆ ತುಂಬಿ ಬೈಕಿನ ಹಿಂದೆ ಕೂತಳು.

"ನೀ ಎಂತಕ್ಕೆ?"

"ನಾನೂ ಕೋರ್ಟು ನೋಡಿಲ್ಲ ಕಣ್ರೀ."

ಕೋರ್ಟಿನಲ್ಲಿ ಕಂಡ ಪ್ರಮೀಳಾ ಬಿಸಿಲಿಗೆ ಬೆವೆತ, ತುಸು ದಪ್ಪಗಿನ ಸಾಮಾನ್ಯ ಹೆಂಗಸು. ಚೆಂದವಿದ್ದಿದ್ದರೆ ಕರುಣಾ ಸಹಿಸುತ್ತಿದ್ದಳೇನೋ.

ಬಾಕಿ ಯಾವಾಗ ಎಂದರು ನ್ಯಾಯಾಧೀಶರು. ರಾಜಕುಮಾರ್ ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಕರುಣಾ ಎದ್ದಳು.

"ಪೂರ್ತಿ ತಂದೀನಿ ಸ್ವಾಮಿ. ಇನ್ ಮುಂದಿಂದೂ ಅವರ ಬ್ಯಾಂಕಿಗೇ ನಾನು ಹಾಕ್ತೀನಿ. ಇವ್ರನ್ನ ಇಲ್ಲಿಗೆ ಕರೀಬ್ಯಾಡಿ."

ಹಣ ಕಟ್ಟಿಸಿಕೊಂಡು ಅರ್ಜಿ ಮುಗಿಸಿದರು.

ಹೊರಗೆ ಪ್ರಮೀಳಾ ಅವಳ ಕೈ ಹಿಡಿದಳು. "ಪುಣ್ಯ ಕಟ್ಕೊಂಡಿ ನಮ್ಮವ್ವ. ಪ್ರತೀ ಸಲ ಟೈಲರ್ ಅಂಗಡಿ ಬಾಗ್ಲು ಹಾಕಿ ಈ ಮನುಷ್ಯನ ಮುಖ ನೋಡಾಕ ಬರ್ಬೇಕಿತ್ತು."

ಗೆದ್ದೆ ಎನ್ನಿಸಬೇಕಿತ್ತು ಕರುಣಾಳಿಗೆ.

ಶಿರಾಳಕೊಪ್ಪ ದಾಟಿದ ಮೇಲೆ ರಾಜಕುಮಾರ್ ಬೈಕಿನ ವೇಗ ತಗ್ಗಿಸಿದ. ಬೈಯಲಿಲ್ಲ. ಮೆಲ್ಲಗೆ ಕೇಳಿದ: "ಕೈ ಹಿಡ್ಕಂಡು ಎಂತ ಅಂದ್ಲು ಅವ್ಳು?"

ಇದ್ದದ್ದನ್ನು ಹೇಳಿದರೆ ಅವನ ಮನಸ್ಸು ಮುರಿಯುತ್ತಿತ್ತು. ಪ್ರಮೀಳಾಳ ಒಂದು ಮಾತಿಗೆ ಹಾಗೆ ಮುರಿಯುವ ಮನಸ್ಸು. ಅದರ ಮೇಲೂ ಕರುಣಾಳಿಗೆ ಹೊಟ್ಟೆ ಉರಿಯಿತು.

"ಎಂತಾ ಇಲ್ಲ. ಮುಂದೆ ನೋಡ್ಕಂಡು ಗಾಡಿ ಬಿಡಿ," ಎಂದಳು.