ಗೌಡರು ಬರೆಸಿದ ಜವಾಬು

ನಮ್ಮ ಸೀಮೆ ಹೈದರಾಬಾದ್ ಬಿಟ್ಟು ಮೈಸೂರು ರಾಜ್ಯ ಸೇರಿದ ಹೊಸತು. ಎಲೆಕ್ಷನ್ ಜೀಪು ಓಡಿಸುತ್ತಿದ್ದ ನಾನು, ಪಕ್ಷದವರ ಪತ್ರ ಹಿಡಿದು ಶಹಾಪುರದ ಹತ್ತಿರದ ಗೌಡರ ಮನಿಗೆ ಹೋದೆ. ಅವರು ನಿಜಾಮರ ಕಾಲದಲ್ಲಿ ಸುತ್ತಿನ ಹಳ್ಳಿಗಳ ಅರ್ಜಿಯೆಲ್ಲ ಉರ್ದುವಿನಲ್ಲಿ ಬರೆದು, ಕಚೇರಿಯಲ್ಲಿ ವಾದಿಸಿ ಕೆಲಸ ಮಾಡಿಸಿಕೊಡುತ್ತಿದ್ದ ಮನುಷ್ಯ.

ಪತ್ರ ಬಿಚ್ಚಿ, ನನ್ನ ಕೈಗೇ ಕೊಟ್ಟರು. "ನೀನ ಓದೋ ತಮ್ಮಾ. ನಾ ಕಲಿತದ್ದೆಲ್ಲ ಉರ್ದು."

ಮೂರನೇ ಇಯತ್ತೆಗೇ ಸಾಲಿ ಬಿಟ್ಟ ನಾನು ಅಕ್ಷರ ಕೂಡಿಸಿ ಓದಿದೆ: ಗೌಡರು ಅಸೆಂಬ್ಲಿಗೆ ನಿಲ್ಲಬೇಕಂತೆ.

"ಹೈದರಾಬಾದ್ ಆಗಿದ್ರ ಇವತ್ತ ನಿಲ್ತಿದ್ದೆ. ಅಲ್ಲಿ ನನ್ನ ಮಾತು ಕೇಳಬೇಕಿತ್ತು ನೀನು! ಬೆಂಗಳೂರಾಗ ಕನ್ನಡ ಕಾಗದ ಓದಾಕ ನಿನ್ನ ಬಾಜೂಕ ಕುಂದರಿಸ್ಕೊಳ್ಳೇನು? ತಬಿಯತ್ ಸರಿ ಇಲ್ಲಂತ ಬರಿ."

ಬರೆದೆ. ಚಂದದ ಉರ್ದುವಿನಲ್ಲಿ ಸಹಿ ಹಾಕಿದರು. ನಾನು ಜೀಪು ಹತ್ತಿದ ಮೇಲೆ ಹತ್ತಿರ ಬಂದು, "ಬೆಂಗಳೂರಿನ ಅಸೆಂಬ್ಲಿ ಭಾಳ ದೊಡ್ಡದೈತಂತ, ಖರೇನ?" ಎಂದು ಕೇಳಿದರು.

ಊರೂರು ತಿರುಗಿದ್ದರೂ ಬೆಂಗಳೂರನ್ನು ನಾನಿನ್ನೂ ಕಂಡಿರಲಿಲ್ಲ.

"ಅಂಥಾದ್ದೇನಿಲ್ರಿ ಗೌಡ್ರ, ಸಣ್ಣದೈತಿ," ಅಂದುಬಿಟ್ಟೆ.