ನಗದ ಅಜ್ಜಿಗೆ ಕಿವಿ ಪರೀಕ್ಷೆ

ಮೊಮ್ಮಗಳ ಜೋಕಿಗೆ ನಾನು ನಗಲಿಲ್ಲ. ಅದಕ್ಕೆ ನನ್ನನ್ನು ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು.

ಉತ್ಪ್ರೇಕ್ಷೆ ಅಲ್ಲ, ನಡೆದದ್ದು. ಏಳು ವರ್ಷದ ಮೇಘನಾಳ ಜೋಕು ಇದು: ಒಂದು ಒಂಟೆ ಡಾಕ್ಟರ ಹತ್ತಿರ ಹೋಯಿತಂತೆ. "ಬೆನ್ನು ಊದಿದೆ, ಎಕ್ಸ್‌ರೇ ತೆಗೆಸು" ಎಂದರಂತೆ ಡಾಕ್ಟರು. ದೋಹಾದಲ್ಲಿ ಹುಟ್ಟಿದ ಮಗುವಿಗೆ ಒಂಟೆ ಬಿಟ್ಟು ಇನ್ಯಾವ ಪ್ರಾಣಿ ಹೊಳೆದೀತು? ನನಗೆ ನಗು ಉಕ್ಕಿ ಬಂತು. ತುಟಿ ಕಚ್ಚಿ ತಡೆದುಕೊಂಡೆ.

ಯಾಕೆ? ಹೇಳಿಯೇಬಿಡುತ್ತೇನೆ. ನಕ್ಕರೆ, ಕೆಮ್ಮಿದರೆ, ಸೀನಿದರೆ ನನಗೆ ಒಂದಿಷ್ಟು ಮೂತ್ರ ಹೋಗಿಬಿಡುತ್ತಿತ್ತು. (ಈ ಒಂದು ವಾಕ್ಯಕ್ಕೆ ಇಡೀ ಬೆಳಗ್ಗೆ ಹಿಡಿಯಿತು. ಮೊಮ್ಮಕ್ಕಳು ಇದನ್ನು ಓದುವಷ್ಟು ಕನ್ನಡ ಕಲಿಯುವ ಹೊತ್ತಿಗೆ ದೊಡ್ಡವರಾಗಿರುತ್ತಾರೆ ಎಂಬ ಧೈರ್ಯದಿಂದ ಬರೆದೆ.)

ಊರಿನಲ್ಲಿ ಹೇಗೋ ನಡೆದಿತ್ತು. ಸೀರೆ ಬದಲಾಯಿಸಿದರೆ ಆಯಿತು. ಇಲ್ಲಿ, ದೋಹಾದ ಅಬು ಹಮೂರಿನ ಮಗನ ಮನೆಯಲ್ಲಿ, ಶುಕ್ರವಾರ ಬಂತೆಂದರೆ ಅಲ್ ವಕ್ರಾದ ಕಡಲ ತೀರ. ಕಾರಿಗೆ ಹೊಸ ಸೀಟ್ ಕವರ್ ಬೇರೆ! ನಾನು "ಮಂಡಿ ನೋವು ಕಣಪ್ಪ, ನೀವು ಹೋಗ್ಬನ್ನಿ" ಎಂದು ಉಳಿದುಬಿಡುತ್ತಿದ್ದೆ. ಮಂಡಿ ಬಹಳ ಮರ್ಯಾದಸ್ಥ ಅಂಗ. ಅದರ ಹೆಸರು ಹೇಳಿದರೆ ಯಾರೂ ಮುಂದಿನ ಪ್ರಶ್ನೆ ಕೇಳುವುದಿಲ್ಲ.

ಆದರೆ ನನ್ನ ಮಗ ರಮೇಶ ಬಿಡುವವನೇ? ಮೂಳೆ ಡಾಕ್ಟರ ಹತ್ತಿರ ಕರೆದೊಯ್ದ. ಅವರು ಈಜಿಪ್ಟಿನವರು. ಅವರು ಇಂಗ್ಲಿಷಿನಲ್ಲಿ ಕೇಳುವುದು, ರಮೇಶ ನನಗೆ ಕನ್ನಡದಲ್ಲಿ ಹೇಳುವುದು; ನನ್ನ ಉತ್ತರವೂ ಅವನ ಬಾಯಿಂದಲೇ ವಾಪಸ್ ಹೋಗಬೇಕು. ಹೆತ್ತ ಮಗನ ಬಾಯಲ್ಲಿ ಅದನ್ನು ಹೇಳಿಸುವುದು ಹೇಗೆ? ನಮ್ಮ ಕಡೆಯ ಯಾವ ತಾಯಿ ಹೇಳಿಸಿಯಾಳು? ಮಂಡಿ ತೋರಿಸಿದೆ. ಎಕ್ಸ್‌ರೇ ಆಯಿತು. ಸವೆದಿದೆ ಎಂದರು. (ಈ ವಯಸ್ಸಿನಲ್ಲಿ ಸವೆಯದೆ ಚಿಗುರುತ್ತದೆಯೇ?)

ಮೆಟ್ಟಿಲು ಹತ್ತಲು ನಾನು ಹಿಂಜರಿದದ್ದನ್ನು ನೋಡಿ ಹೃದಯದ ಡಾಕ್ಟರು. ಎದೆಗೆ ತಂತಿ ಅಂಟಿಸಿ ಇಸಿಜಿ. ಹೃದಯ ಗಟ್ಟಿಯಾಗಿತ್ತು. ಆಮೇಲೆ ಒಂಟೆಯ ಜೋಕು, ಕಿವಿ ಡಾಕ್ಟರು. ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗೆಲ್ಲ ಗುಂಡಿ ಒತ್ತಿ ಎಂದರು. ಎಲ್ಲವೂ ಕೇಳಿಸಿತು. ಬರಿಗೈಯಲ್ಲಿ ಕಳಿಸಬಾರದೆಂದೋ ಏನೋ, ಗುಗ್ಗೆ ಇದೆಯೆಂದು ಡ್ರಾಪ್ಸ್ ಕೊಟ್ಟರು.

ಅಣ್ಣತಮ್ಮಂದಿರು ಜಮೀನು ಪಾಲು ಮಾಡಿಕೊಂಡ ಹಾಗೆ ಡಾಕ್ಟರುಗಳು ನನ್ನ ಮೈಯನ್ನು ಹಂಚಿಕೊಂಡಿದ್ದರು. ತೊಂದರೆ ಇದ್ದ ತುಂಡು ಮಾತ್ರ ಯಾರ ಪಾಲಿಗೂ ಬಂದಿರಲಿಲ್ಲ.

ಹೀಗಿರುವಾಗ ಮೇಘನಾ ತನ್ನ ಅಮ್ಮನಿಗೆ ಹೇಳುವುದು ಕಿವಿಗೆ ಬಿತ್ತು. "ಅಜ್ಜಿ ಡಸಂಟ್ ಲೈಕ್ ಮೈ ಜೋಕ್ಸ್. ಬೀಚಿಗೂ ಬರಲ್ಲ. ಶಿ ಡಸಂಟ್ ಲೈಕ್ ಮಿ."

ಅಷ್ಟು ಇಂಗ್ಲಿಷ್ ನನಗೂ ಬರುತ್ತದೆ. ಅವತ್ತಿನಿಂದ ಅವಳು ಜೋಕು ಹೇಳುವುದನ್ನೇ ಬಿಟ್ಟಳು.

ನಾನೇ ಒಂದು ಮದ್ದು ಕಂಡುಹಿಡಿದೆ. ಕುಡಿದರೆ ತಾನೇ ಹೋಗುವುದು? ನೀರು ಬಿಟ್ಟೆ. ಕಾಫಿಯನ್ನೂ ಬಿಟ್ಟೆ! ದೋಹಾದ ಬಿಸಿಲಿನಲ್ಲಿ ಈ ಜಾಣತನ ಎಷ್ಟು ದಿನ ನಡೆದೀತು? ಉರಿಮೂತ್ರ ಶುರುವಾಯಿತು, ಜ್ವರ ಬಂತು. ಮೂತ್ರ ಪರೀಕ್ಷೆಯಲ್ಲಿ ಸೋಂಕು ಎಂದು ಗೊತ್ತಾಗಿ ಹೆಂಗಸರ ಡಾಕ್ಟರ ಹತ್ತಿರ ಕಳಿಸಿದರು. ಡಾಕ್ಟರ್ ನಫೀಸಾ.

ಸೊಸೆ ಸುಮಾ ನನ್ನ ಪಕ್ಕ ಕೂತಳು. ರಮೇಶನೂ ಕುರ್ಚಿ ಎಳೆದುಕೊಂಡ.

"ನೀವು ಹೊರಗೆ ಕೂತ್ಕೊಳ್ಳಿ" ಎಂದರು ಡಾಕ್ಟರು, ಕನ್ನಡದಲ್ಲೇ.

"ಟ್ರಾನ್ಸ್‌ಲೇಟ್ ಮಾಡ್ಬೇಕಲ್ವಾ ಡಾಕ್ಟ್ರೇ?" ಎಂದ ರಮೇಶ, ಅಭ್ಯಾಸಬಲ.

"ಎಂತ ಟ್ರಾನ್ಸ್‌ಲೇಟ್? ನಾನು ಪುತ್ತೂರಿನವಳು ಮಾರಾಯ್ರೆ. ಯಲ್ಲಾ, ಹೊರಡಿ ಹೊರಗೆ!"

ಬಾಗಿಲು ಮುಚ್ಚಿತು. ಡಾಕ್ಟರು ನನ್ನ ಹಳೆಯ ರಿಪೋರ್ಟುಗಳನ್ನೆಲ್ಲ ತಿರುವಿ ನೋಡಿದರು; ನನ್ನಂಥವರನ್ನು ಎಷ್ಟು ಮಂದಿ ಕಂಡಿದ್ದರೋ. "ಈಗ ಹೇಳಿ ಅಮ್ಮ. ನಗುವಾಗ ಹೋಗ್ತದಾ, ಕೆಮ್ಮುವಾಗ ಹೋಗ್ತದಾ?"

"ಎರಡಕ್ಕೂ" ಎಂದೆ. ಇಷ್ಟು ಸಣ್ಣ ಮಾತಿಗೆ ಅಷ್ಟೆಲ್ಲ ಯಂತ್ರಗಳು ಬೇಕಾದವು ನೋಡಿ.

"ಮತ್ತೆ ಮಂಡಿಯ ಎಕ್ಸ್‌ರೇ ಎಂತಕ್ಕೆ ತೆಗೆಸಿದ್ದು?"

"ಮಂಡಿ ಅಂತ ಹೇಳೋಕೆ ನಾಚಿಕೆ ಆಗಲ್ಲ ಕಣಮ್ಮ."

ಹೆರಿಗೆಗಳಾದ ಮೇಲೆ, ವಯಸ್ಸಾದ ಮೇಲೆ ಕೆಳಗಿನ ಸ್ನಾಯು ಸಡಿಲವಾಗುತ್ತದಂತೆ. ಎಷ್ಟೋ ಹೆಂಗಸರಿಗೆ ಇರುತ್ತದಂತೆ. ಸೋಂಕಿಗೆ ಮಾತ್ರೆ ಕೊಟ್ಟರು, ನೀರು ಚೆನ್ನಾಗಿ ಕುಡಿಯಿರಿ ಎಂದು ಗದರಿದರು, ಹೊರಗೆ ಹೋಗುವಾಗ ಪ್ಯಾಡ್ ಇರಲಿ ಎಂದರು. ಆಮೇಲೆ ಒಂದು ವ್ಯಾಯಾಮ: ಮೂತ್ರ ತಡೆಯುವಾಗ ಬಿಗಿಯುತ್ತೇವಲ್ಲ, ಆ ಸ್ನಾಯುವನ್ನು ಬಿಗಿಹಿಡಿದು ಬಿಡುವುದು, ದಿನಾ, ಬೇಸರಿಸದೆ. ಕೂತಲ್ಲೇ ಮಾಡಬಹುದು, ಪಕ್ಕದವರಿಗೂ ಗೊತ್ತಾಗುವುದಿಲ್ಲ. (ನನ್ನಂಥವಳಿಗೆಂದೇ ಹುಟ್ಟಿದ ವ್ಯಾಯಾಮ.)

ಅಷ್ಟರಲ್ಲಿ ಸುಮಾ ಮೆಲ್ಲಗೆ, "ಡಾಕ್ಟ್ರೇ, ನಾನೂ ಮಾಡಬಹುದಾ? ಮೇಘನಾ ಹುಟ್ಟಿದಾಗಿಂದ ನನಗೂ..." ಎಂದಳು.

ಒಂದೇ ಅಡುಗೆಮನೆಯಲ್ಲಿ ದಿನವಿಡೀ ಪಕ್ಕಪಕ್ಕ ನಿಂತವರು ನಾವು. ಉಪ್ಪು ಹೆಚ್ಚಾದರೆ ಹೇಳಿಕೊಳ್ಳುತ್ತಿದ್ದೆವು. ಇದನ್ನಲ್ಲ.

ಹೋದ ಶುಕ್ರವಾರ ಸಂಜೆ ನಾನೂ ಅಲ್ ವಕ್ರಾಕ್ಕೆ ಹೊರಟೆ. ಹಿಂದಿನ ಸೀಟಿನಲ್ಲಿ ನಾನು, ಸುಮಾ, ನಡುವೆ ಮೇಘನಾ.

"ಏನ್ರಮ್ಮ, ಅತ್ತೆ ಸೊಸೆ ಇಬ್ರೂ ಗಪ್‌ಚುಪ್? ಜಗಳಾನಾ?" ಎಂದ ರಮೇಶ.

"ಎಕ್ಸರ್‌ಸೈಜ್ ಮಾಡ್ತಿದೀವಿ. ನೀವು ಸುಮ್ನೆ ಗಾಡಿ ಓಡ್ಸಿ" ಎಂದಳು ಸುಮಾ.

"ಕೂತ್ಕೊಂಡಾ?"

ನಾನು ಮೇಘನಾಳ ಕಡೆ ತಿರುಗಿದೆ. "ಆ ಒಂಟೆ ಎಕ್ಸ್‌ರೇ ತೆಗೆಸ್ತಲ್ಲ, ಆಮೇಲೆ ಏನಾಯ್ತೇ?"

ಅವಳು ಅನುಮಾನದಿಂದ ನನ್ನ ಮುಖ ನೋಡಿದಳು. "ರಿಯಲಿ ಅಜ್ಜಿ? ಹೇಳ್ಲಾ? ಡಾಕ್ಟರ್ ಎಕ್ಸ್‌ರೇ ನೋಡಿದ್ರು. ನೋ ಪ್ರಾಬ್ಲಮ್, ಖಲಾಸ್, ಬರೀ ಮಂಡಿ ನೋವು ಅಂದ್ರು!"

ನಾನು ನಕ್ಕೆ. ಕಾರು ತುಂಬುವ ಹಾಗೆ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕೆ. ಬೇರೆ ಕಡೆಯೂ ಒಂದು ಹನಿ ಬಂದಿರಬೇಕು. ಬರಲಿ. ಮೇಘನಾ ನನ್ನ ತೊಡೆಯ ಮೇಲೆ ಬಿದ್ದು ಇನ್ನೊಂದು ಜೋಕು ಶುರು ಮಾಡಿಯಾಗಿತ್ತು.

ರಮೇಶ ಕನ್ನಡಿಯಲ್ಲಿ ನಮ್ಮನ್ನು ನೋಡಿ ಹೆಮ್ಮೆಯಿಂದ ಹೇಳಿದ: "ನೋಡಿದ್ಯಾ ಸುಮಾ? ಕಿವಿ ಡ್ರಾಪ್ಸ್ ಕೆಲಸ ಮಾಡ್ತು!"

ಈ ವಾರ ಅವನು ಈ ಬರಹವನ್ನು ಓದುತ್ತಾನೆ. ನಾಚಿಕೊಳ್ಳುವ ಸರದಿ ಇನ್ನೂ ನನ್ನದೇನಾ?